ಉಡುಪಿಯಲ್ಲಿ ಫ್ಯಾಮಿಲಿ ಕೇಸಿನ ವಕೀಲರನ್ನು ಕಾಣುವುದು ಹೇಗೆ? ಒಂದು ಸಲ ಹೋಗಿ ಓಡಿ ಬಂದಿದ್ದೇನೆ

ಸಂತೆಕಟ್ಟೆ_ಅಮ್ಮು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದುತ್ತಿದ್ದೆ. ಈಗ ಮಗಳು ಮಲಗಿದ್ದಾಳೆ, ಹೊರಗೆ ಜೋರು ಮಳೆ. ಇವತ್ತು ಬರೆಯದಿದ್ದರೆ ಇನ್ನು ಬರೆಯುವುದಿಲ್ಲ ಅಂತ ಕೂತಿದ್ದೇನೆ. ಉದ್ದ ಆದರೆ ಬೈಯಬೇಡಿ.

ನನಗೆ 33. ಮದುವೆ ಆದದ್ದು 2018ರ ಮೇ ತಿಂಗಳಲ್ಲಿ, ಬ್ರಹ್ಮಾವರದ ಒಂದು ಹಾಲ್‌ನಲ್ಲಿ. ಗಂಡ ಶಾರ್ಜಾದಲ್ಲಿ ಇದ್ದಾರೆ. ಅವರ ಮನೆ ಕಟಪಾಡಿ ಕಡೆ. ನಾನು ಒಂದು ಸಹಕಾರಿ ಸೊಸೈಟಿಯಲ್ಲಿ ಕ್ಯಾಶಿಯರ್, ಕೈಗೆ ಬರುವುದು 16,500. ಮಗಳಿಗೆ ನಾಲ್ಕೂವರೆ, ಎಲ್‌ಕೆಜಿ.

ಕಳೆದ ದೀಪಾವಳಿವರೆಗೆ ಗಂಡನಿಂದ ತಿಂಗಳಿಗೆ 25 ಸಾವಿರ ಬರುತ್ತಿತ್ತು. ಆಮೇಲೆ ನಿಂತಿತು. ಕೇಳಿದರೆ "ಕಂಪೆನಿಯಲ್ಲಿ ಕಷ್ಟ" ಅನ್ನುತ್ತಾರೆ. ಜನವರಿಯಲ್ಲಿ ಅತ್ತೆ "ಸ್ವಲ್ಪ ದಿನ ತಾಯಿ ಮನೆಯಲ್ಲಿ ಇರು" ಅಂದರು. ಆ ಸ್ವಲ್ಪ ದಿನಕ್ಕೆ ಈಗ ಎಂಟನೇ ತಿಂಗಳು. ಪಕ್ಕದ ಮನೆಯವರು "ಆಟಿಗೆ ಬಂದದ್ದಾ?" ಅಂತ ಕೇಳಿದರು. ಆಟಿ ಅಂದರೆ ಹೊಸ ಮದುಮಗಳು ತಾಯಿ ಮನೆಗೆ ಬರುವ ತುಳು ತಿಂಗಳು. ಮದುವೆಯಾಗಿ ಏಳು ವರ್ಷ ಆದವಳಿಗೆ ಎಂತ ಆಟಿ! ನಕ್ಕು ಒಳಗೆ ಬಂದೆ.

ಜಗಳ ಇಲ್ಲ. ಹೊಡೆತ ಇಲ್ಲ. ಕಷ್ಟ ಇರುವುದೇ ಅಲ್ಲಿ. ಯಾರಾದರೂ ಏನಾಯಿತು ಅಂತ ಕೇಳಿದರೆ ಹೇಳಲಿಕ್ಕೆ ಒಂದು ಸರಿಯಾದ ಕಾರಣ ಸಿಗುವುದಿಲ್ಲ.

ಹೋದ ತಿಂಗಳು ಭಾವ ಬಂದು ಮಗಳ ಪಾಸ್‌ಪೋರ್ಟ್ ಕೇಳಿದರು. ವೀಸಾ ಮಾಡಿಸಲಿಕ್ಕಂತೆ. ಅವಳದ್ದು ಮಾತ್ರ. ನನ್ನದು ಕೇಳಲಿಲ್ಲ. "ಹುಡುಕಿ ಕೊಡ್ತೇನೆ" ಅಂತ ಹೇಳಿ ಚಾ ಕೊಟ್ಟು ಕಳಿಸಿದೆ. ಪಾಸ್‌ಪೋರ್ಟ್ ಈಗ ಅಮ್ಮನ ಕುಚ್ಚಲಕ್ಕಿ ಡಬ್ಬಿಯೊಳಗೆ ಉಂಟು.

ಚಿನ್ನ ಒಟ್ಟು 38 ಪವನು (ಒಂದು ಪವನು ಅಂದರೆ 8 ಗ್ರಾಂ). ಅದರಲ್ಲಿ ಕರಿಮಣಿ, ಎರಡು ಬಳೆ ಸೇರಿ 6 ಪವನು ನನ್ನ ಮೈಮೇಲೆ. ಉಳಿದ 32 ಬ್ಯಾಂಕ್ ಲಾಕರ್‌ನಲ್ಲಿ. ಲಾಕರ್ ನನ್ನ ಮತ್ತು ಅತ್ತೆಯ ಹೆಸರಲ್ಲಿ.

ಸಂಬಂಧಿಕರೊಬ್ಬರು ಒಬ್ಬ ವಕೀಲರ ನಂಬರ್ ಕೊಟ್ಟರು. ಯಾರು ಅಂತ ಹೇಳುವುದಿಲ್ಲ, ಕೇಳಬೇಡಿ. ಬೆಳಿಗ್ಗೆ 11ಕ್ಕೆ ಬನ್ನಿ ಅಂದರು. ರಜೆ ಹಾಕಿ ಹೋದೆ. ಒಳಗೆ ಕರೆದದ್ದು 1.40ಕ್ಕೆ. ಹದಿನೈದು ನಿಮಿಷ, ಅದರಲ್ಲಿ ಮೂರು ಫೋನು. "ಡೈವೋರ್ಸ್ ಬೇಕಾ ಬೇಡವಾ?" ಅಂತ ಕೇಳಿದರು. ಗೊತ್ತಿಲ್ಲ ಸಾರ್ ಅಂದೆ. "ಗೊತ್ತಿಲ್ಲದಿದ್ದರೆ ಯಾಕೆ ಬಂದದ್ದು?" ಅಂದರು. ಆಮೇಲೆ ಒಂದು ಪ್ರಿಂಟೆಡ್ ಕಾಗದ ಮುಂದಿಟ್ಟು "ಇಲ್ಲೊಂದು ಸೈನ್ ಹಾಕಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಅಂದರು. ಮೇಲೆ ವಕಾಲತ್ತು ಅಂತ ಇತ್ತು, ಕೆಳಗೆಲ್ಲ ಖಾಲಿ. ಕ್ಯಾಶ್ ಕೌಂಟರಿನಲ್ಲಿ ಕೂರುವವಳು ನಾನು, ಖಾಲಿ ಸ್ಲಿಪ್ಪಿಗೆ ಸೈನ್ ಹಾಕಿದವರಿಗೆ ದಿನಾ ಬೈಯುತ್ತೇನೆ. ಅಮ್ಮ ಹೊರಗೆ ಕಾಯುತ್ತಿದ್ದಾರೆ ಅಂತ ಸುಳ್ಳು ಹೇಳಿ, 500 ಕೊಟ್ಟು, ಎದ್ದು ಬಂದೆ.

ಈಗ ಕೇಳಬೇಕಾದದ್ದು. ವಕೀಲರ ಹತ್ತಿರ ಹೋದರೆ ಕೇಸು ಹಾಕಿದ ಹಾಗೆಯೇ ಆಗುತ್ತದಾ? ನನಗೆ ಈಗಲೇ ಡೈವೋರ್ಸ್ ಬೇಕು ಅಂತ ಇಲ್ಲ. ನಾನು ಎಲ್ಲಿ ನಿಂತಿದ್ದೇನೆ ಅಂತ ಯಾರಾದರೂ ಕೂತು ಹೇಳಬೇಕು, ಅಷ್ಟೇ. ಇನ್ನೊಂದು, ಉಡುಪಿಯ ಕತೆ ನಿಮಗೆ ಗೊತ್ತಲ್ಲ, ಕಲ್ಸಂಕದಲ್ಲಿ ಸೀನಿದರೆ ಕಟಪಾಡಿಯಲ್ಲಿ "ಜ್ವರವಾ?" ಅಂತ ಕೇಳುತ್ತಾರೆ. ಮಂಗಳೂರಿಗೆ ಹೋಗುವುದು ಒಳ್ಳೆಯದಾ? ಹೋಗುವಾಗ ಎಂತ ತಗೊಂಡು ಹೋಗಬೇಕು, ಫೀಸು ಎಷ್ಟು ಅಂತ ಮೊದಲೇ ಕೇಳಿದರೆ ತಪ್ಪಾ?

ಸುರತ್ಕಲ್_ಅಕ್ಕ:

ಅಮ್ಮು, ಸೈನ್ ಹಾಕದೆ ಬಂದದ್ದು ಒಳ್ಳೆಯದಾಯಿತು. ಮೊದಲು ಅದಕ್ಕೆ ಒಂದು ಶಭಾಷ್.

ನನ್ನದು ಮಂಗಳೂರು ಫ್ಯಾಮಿಲಿ ಕೋರ್ಟಿನಲ್ಲಿ ಮುಗಿದು ಮೂರು ವರ್ಷ ಆಯಿತು. ವಕೀಲರನ್ನು ಕಂಡ ಕೂಡಲೇ ಕೇಸು ಆಗುವುದಿಲ್ಲ. ವಕಾಲತ್ತಿಗೆ ಸೈನ್ ಹಾಕಿದ ಮೇಲೆ ಅವರು ನಿಮ್ಮ ಪರವಾಗಿ ಕೋರ್ಟಿನಲ್ಲಿ ನಿಲ್ಲಬಹುದು, ಅಲ್ಲಿವರೆಗೆ ಅದು ಬರೀ ಮಾತುಕತೆ. ಡಾಕ್ಟರ ಹತ್ತಿರ ಹೋದವರೆಲ್ಲ ಆಪರೇಶನ್ ಮಾಡಿಸಿಕೊಳ್ಳುತ್ತಾರಾ?

ನಾನು ಮೂವರನ್ನು ಕಂಡೆ. ಮೊದಲನೆಯವರು ನಾನು ಬಾಯಿ ಬಿಡುವ ಮೊದಲೇ ಎಷ್ಟು ಲಕ್ಷ ಕೇಳಬಹುದು ಅಂತ ಲೆಕ್ಕ ಹಾಕಿದರು. ಎರಡನೆಯವರು ಒಳ್ಳೆಯವರೇ, ಆದರೆ ನಾನು ತಮ್ಮನನ್ನು ಒಳಗೆ ಕರೆದುಕೊಂಡು ಹೋಗಿದ್ದೆ. ಇಡೀ ಹೊತ್ತು ಅವನೇ ಮಾತಾಡಿದ. ಅವನ ಸಿಟ್ಟು, ಅವನ ಮರ್ಯಾದೆ. ನನಗೆ ಎಂತ ಬೇಕು ಅಂತ ಯಾರೂ ಕೇಳಲಿಲ್ಲ. ಮೂರನೇ ಸಲ ಅವನನ್ನು ಹೊರಗೆ ಬೆಂಚಿನಲ್ಲಿ ಕೂರಿಸಿದೆ. ಆ ಮೇಡಂ ಮುಕ್ಕಾಲು ಗಂಟೆ ಕೇಳಿ, "ಒಂದು ತಿಂಗಳು ಏನೂ ಫೈಲ್ ಮಾಡುವುದು ಬೇಡ, ಮೊದಲು ಕಾಗದ ಎಲ್ಲ ಒಟ್ಟು ಮಾಡಿ" ಅಂದರು. ಅವರನ್ನೇ ಹಿಡಿದೆ. ನಿಮ್ಮ ಜೊತೆ ಯಾರಾದರೂ ಬರಲಿ, ಆದರೆ ಒಳಗೆ ನೀವು ಒಬ್ಬರೇ ಹೋಗಿ.

ಫೀಸು ಫೋನಿನಲ್ಲೇ ಕೇಳಿ. ನನಗೆ ಅವಾಗ ಮೊದಲ ಸಲಕ್ಕೆ 1000 ಅಂದಿದ್ದರು, ಅಷ್ಟೇ ತಗೊಂಡರು.

ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ, ಸಂಬಳ ಇದ್ದರೂ ಸಿಗುತ್ತದೆ. 1987ರ ಕಾನೂನಿನಲ್ಲೇ ಹಾಗೆ ಬರೆದಿದ್ದಾರೆ. ಫೋನ್ ಮಾಡುವುದಾದರೆ 15100. ಉಚಿತ ಅಂದರೆ ಕಳಪೆ ಅಂತ ನನ್ನ ಚಿಕ್ಕಮ್ಮ ಹೇಳುತ್ತಿದ್ದರು. ನನ್ನ ಜೊತೆ ಕೋರ್ಟಿಗೆ ಬರುತ್ತಿದ್ದ ಒಬ್ಬಳಿಗೆ ಅಲ್ಲಿಂದ ಕೊಟ್ಟ ವಕೀಲರು ಬಹಳ ಚೆನ್ನಾಗಿ ನಡೆಸಿದರು.

ಬೊಂಬಾಯಿ_ರಿಟರ್ನ್:

ಸುಮ್ನೆ ಕೋರ್ಟು ಕಚೇರಿ ಯಾಕೆ? ಎರಡೂ ಕಡೆಯ ಹಿರಿಯರು ಹತ್ತು ಜನ ಕೂತು ಮಾತಾಡಿದರೆ ಮುಗಿಯುವ ವಿಷಯ. ನಮ್ಮ ಕಡೆ ಎಷ್ಟು ಪಂಚಾಯ್ತಿಕೆ ಹಾಗೆ ಮುಗಿದಿಲ್ಲ? ಆಗುವುದಿಲ್ಲ ಅಂತಾದರೆ ಮೊದಲು ಕೆಲಸ ಬಿಟ್ಟುಬಿಡಿ. ಕೆಲಸ ಇದೆ ಅಂತ ಗೊತ್ತಾದರೆ ಜೀವನಾಂಶ ಒಂದು ಪೈಸೆ ಸಿಗುವುದಿಲ್ಲ. ನಮ್ಮ ಪರಿಚಯದವರೊಬ್ಬರು ಹೀಗೆಯೇ ಮಾಡಿದ್ದು.

ಹಳೇ_ಗುಮಾಸ್ತ:

ಬೊಂಬಾಯಿಯವರೇ, ಸಂಬಳ ಬರುವ ಕೆಲಸ ಬಿಡಿಸುವ ಸಲಹೆ ಕೊಡಬೇಡಿ ಮಾರಾಯ್ರೆ. ನಾಳೆ ಆ ಮಗುವಿನ ಸ್ಕೂಲ್ ಫೀಸು ನೀವು ಕಟ್ಟುತ್ತೀರಾ?

ನಾನು ಕುಂದಾಪುರದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ವಕೀಲರ ಗುಮಾಸ್ತನಾಗಿದ್ದವನು. ಈಗ ಮನೆಯಲ್ಲಿ ಮಲ್ಲಿಗೆ ಗಿಡಕ್ಕೆ ನೀರು ಹಾಕಿಕೊಂಡಿದ್ದೇನೆ. ಕಾನೂನು ಹೇಳುವುದು ನನ್ನ ಕೆಲಸ ಅಲ್ಲ. ಆಫೀಸಿಗೆ ಹೇಗೆ ಬರಬೇಕು ಅಂತ ಹೇಳಬಲ್ಲೆ, ಯಾಕೆಂದರೆ ಬಂದವರನ್ನು ಬಾಗಿಲಲ್ಲಿ ನೋಡಿದವನು ನಾನೇ.

ತಂಗಿ, ಬೆಳಿಗ್ಗೆ 11 ಗಂಟೆ ವಕೀಲರನ್ನು ಕಾಣುವ ಹೊತ್ತಲ್ಲ. ಆ ಹೊತ್ತಿಗೆ ಅವರ ಕೇಸು ಎಲ್ಲಿ ಕೂಗುತ್ತಾರೋ ಅಂತ ಒಂದು ಕೋರ್ಟ್ ಹಾಲಿಂದ ಇನ್ನೊಂದಕ್ಕೆ ಓಡುತ್ತಾ ಇರುತ್ತಾರೆ. ಸಂಜೆ ಐದೂವರೆ ಮೇಲೆ ಹೋಗಿ. ಫೋನ್ ತೆಗೆಯುವುದು ಹೆಚ್ಚಾಗಿ ಗುಮಾಸ್ತ ಅಥವಾ ಜೂನಿಯರ್. ಅವರ ಹತ್ತಿರ ಕತೆ ಹೇಳಬೇಡಿ. "ಫ್ಯಾಮಿಲಿ ಮ್ಯಾಟರ್, ಸಲಹೆ ಮಾತ್ರ, ಒಂದು ಗಂಟೆ ಬೇಕು, ಫೀಸು ಎಷ್ಟು" ಅನ್ನಿ. ಕೊನೆಗೆ ಗಂಡನ ಹೆಸರು, ಮನೆ ಹೆಸರು ಹೇಳಿ, "ಇವರ ಕಡೆಯವರು ಮೊದಲೇ ನಿಮ್ಮ ಹತ್ತಿರ ಬಂದಿದ್ದಾರಾ ನೋಡಿ" ಅಂತ ಕೇಳಿ. ಒಳ್ಳೆಯ ಆಫೀಸು ಅಂತಾದರೆ ಖಂಡಿತ ನೋಡಿ ಹೇಳುತ್ತಾರೆ. ನಿಮ್ಮ ಕಲ್ಸಂಕದ ಸೀನಿಗೆ ಅದೇ ಮದ್ದು.

ಇನ್ನು ತಾರೀಕು. ನಮ್ಮ ಆಫೀಸಿಗೆ ಬಂದವರು ಎಲ್ಲರೂ ಧಾರೆಯಿಂದ ಶುರು ಮಾಡುತ್ತಿದ್ದರು. ಧಾರೆಯ ಊಟಕ್ಕೆ ಎಷ್ಟು ಬಗೆ ಪಾಯಸ ಇತ್ತು ಅಂತ ಸಹ ಹೇಳುತ್ತಿದ್ದರು. ಗಂಡ ಮನೆ ಬಿಟ್ಟದ್ದು ಯಾವಾಗ ಅಂತ ಕೇಳಿದರೆ "ಮಳೆಗಾಲ ಇರಬೇಕು" ಅನ್ನುತ್ತಿದ್ದರು. ಒಂದು ಹಾಳೆ ತಗೊಳ್ಳಿ. ಎಡಗಡೆ ತಾರೀಕು, ಬಲಗಡೆ ಆದದ್ದು ಒಂದೇ ಸಾಲು. ಮದುವೆ, ಮಗು ಹುಟ್ಟಿದ್ದು, ದುಡ್ಡು ನಿಂತದ್ದು, ಮನೆ ಬಿಟ್ಟದ್ದು, ಪಾಸ್‌ಪೋರ್ಟ್ ಕೇಳಿದ್ದು. ಸಿಟ್ಟು, ಬೇಸರ ಬಾಯಲ್ಲಿ ಹೇಳಿ, ಹಾಳೆಯಲ್ಲಿ ಬೇಡ. ಎರಡು ಕಾಪಿ ಮಾಡಿ. ಫ್ಯಾಮಿಲಿ ಕೋರ್ಟಿಗೆ ಹೋಗುವ ದಿನ ಬಂದರೂ ಆ ಹಾಳೆ ಬೇಕಾಗುತ್ತದೆ. ಅಲ್ಲಿ ವಕೀಲರಿಗಿಂತ ನಿಮ್ಮನ್ನೇ ಜಾಸ್ತಿ ಮಾತಾಡಿಸುತ್ತಾರೆ. ಮೊದಲು ರಾಜಿ ಆಗುತ್ತದಾ ಅಂತ ನೋಡುವುದು ಆ ಕೋರ್ಟಿನ ಕೆಲಸವೇ. ಬೊಂಬಾಯಿಯವರ ಹತ್ತು ಜನರ ಬದಲು ಅಲ್ಲಿ ಕೌನ್ಸೆಲರ್ ಒಬ್ಬರು ಇರುತ್ತಾರೆ, ಅಷ್ಟೇ.

ಕಾಗದ: ಮದುವೆ ಸರ್ಟಿಫಿಕೇಟ್, ಇಲ್ಲದಿದ್ದರೆ ಆಮಂತ್ರಣ, ಹಾಲ್ ರಸೀದಿ, ಫೋಟೊ. ಮಗುವಿನ ಜನನ ಪತ್ರ. ಇಬ್ಬರ ಆಧಾರ್. ದುಡ್ಡು ಬರುತ್ತಿದ್ದ ಖಾತೆಯ ಎರಡು ವರ್ಷದ ಸ್ಟೇಟ್‌ಮೆಂಟ್. ಚಿನ್ನದ ಬಿಲ್ಲು. ಎಲ್ಲದರ ಜೆರಾಕ್ಸ್ ಮಾತ್ರ ಕೊಡಿ. ಒರಿಜಿನಲ್ ತೋರಿಸಿ ವಾಪಸ್ ಚೀಲಕ್ಕೆ ಹಾಕಿಕೊಳ್ಳಿ. ಆಫೀಸಿನಲ್ಲಿ ಒರಿಜಿನಲ್ ಬಿಟ್ಟು ಹೋದವರಿಗಾಗಿ ನಾನು ಎಷ್ಟು ಸಲ ಕಪಾಟು ಜಾಲಾಡಿದ್ದೇನೆ ಅಂತ ದೇವರಿಗೇ ಗೊತ್ತು.

ಕಪ್ಪು_ಕೋಟು:

ನಾನು ಮಂಗಳೂರಿನಲ್ಲಿ ಪ್ರಾಕ್ಟೀಸ್ ಮಾಡುವ ಜೂನಿಯರ್, ನಾಲ್ಕು ವರ್ಷ ಆಯಿತು. ಹೆಸರು ಹೇಳುವುದಿಲ್ಲ. ವಕೀಲರು ಜಾಹೀರಾತು ಮಾಡುವ ಹಾಗಿಲ್ಲ. ನೆಟ್‌ನಲ್ಲಿ "ಉಡುಪಿಯ ಟಾಪ್ 10 ಡೈವೋರ್ಸ್ ಲಾಯರ್ಸ್" ಅಂತ ಬರುತ್ತದಲ್ಲ, ಅದನ್ನು ನಂಬಿ ಹೋಗಬೇಡಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ವಕೀಲರ ಹೆಸರು ಹಾಕಿ ಹುಡುಕಬಹುದು. ಯಾವ ಕೋರ್ಟಿನಲ್ಲಿ ಎಂಥ ಕೇಸು ನಡೆಸುತ್ತಾರೆ ಅಂತ ಅಂದಾಜು ಸಿಗುತ್ತದೆ.

ಮಂಗಳೂರಾ ಉಡುಪಿಯಾ ಅಂತ ಕೇಳಿದಿರಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಹೆಂಡತಿ ಅರ್ಜಿ ಹಾಕುವುದಾದರೆ ತಾನು ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು. 2003ರ ತಿದ್ದುಪಡಿ ಅದು. ನಿಮ್ಮ ಮದುವೆಯೂ ಅದೇ ಜಿಲ್ಲೆಯಲ್ಲಿ ಆದದ್ದು. ಅಂದರೆ ಮುಂದೆ ಎಂತ ಆದರೂ ಉಡುಪಿಯಲ್ಲೇ. ಮಂಗಳೂರಿನ ವಕೀಲರನ್ನು ಇಟ್ಟುಕೊಂಡರೆ ಪ್ರತಿ ವಾಯಿದೆಗೂ ಅವರು 55-60 ಕಿಲೋಮೀಟರ್ ಬರಬೇಕು. ಆ ಖರ್ಚು ನಿಮ್ಮ ತಲೆಗೆ. ಸಲಹೆಗೆ ಮಾತ್ರ ಅಂತಾದರೆ ಇಲ್ಲಿಗೆ ಬನ್ನಿ, ತೊಂದರೆ ಇಲ್ಲ. ಗುಟ್ಟಿನ ಬಗ್ಗೆ ಹೆದರಿಕೆ ಬೇಡ. ಕಕ್ಷಿದಾರರು ಹೇಳಿದ್ದನ್ನು ವಕೀಲರು ಹೊರಗೆ ಹೇಳುವ ಹಾಗಿಲ್ಲ, ನಿಮಗೆ ಸಲಹೆ ಕೊಟ್ಟವರು ಅದೇ ವಿಷಯದಲ್ಲಿ ನಿಮ್ಮ ಗಂಡನ ಪರ ನಿಲ್ಲುವ ಹಾಗೂ ಇಲ್ಲ.

"ಹೊಡೆತ ಇಲ್ಲ" ಅಂತ ಬರೆದಿದ್ದೀರಿ. ಅದನ್ನು ಓದಿ ಸ್ವಲ್ಪ ಬೇಜಾರಾಯಿತು, ಎಲ್ಲರೂ ಹೀಗೆಯೇ ಕ್ಷಮೆ ಕೇಳುವ ಹಾಗೆ ಹೇಳುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯವೂ ಸೇರುತ್ತದೆ. ಖರ್ಚಿಗೆ ಕೊಡದೆ ಇರುವುದು, ಸ್ತ್ರೀಧನ (ಮದುವೆಯಲ್ಲಿ ಹೆಣ್ಣಿಗೆ ಕೊಟ್ಟ ಚಿನ್ನ, ಉಡುಗೊರೆ) ಕೊಡದೆ ಇಟ್ಟುಕೊಳ್ಳುವುದು, ಇದ್ದ ಮನೆಯಿಂದ ದೂರ ಇಡುವುದು, ಎಲ್ಲವೂ. ಅದಕ್ಕೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು, ಡೈವೋರ್ಸ್ ಕೇಳಲೇಬೇಕು ಅಂತಿಲ್ಲ. ಜೀವನಾಂಶವೂ ಹಾಗೆಯೇ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಅನ್ನುತ್ತಿದ್ದೆವಲ್ಲ, ಅದು 2024ರ ಜುಲೈಯಿಂದ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. "ಡೈವೋರ್ಸ್ ಬೇಕಾ ಬೇಡವಾ" ಅನ್ನುವುದು ನಿಮಗೆ ಕೇಳಬೇಕಾದ ಮೊದಲ ಪ್ರಶ್ನೆ ಆಗಿರಲೇ ಇಲ್ಲ. ಇಬ್ಬರೂ ಒಪ್ಪಿ ಬೇರೆ ಆಗುವುದಾದರೂ ಒಂದು ವರ್ಷ ಬೇರೆ ಇದ್ದಿರಬೇಕು. ನಿಮ್ಮದು ಎಂಟನೇ ತಿಂಗಳು, ಹಾಗಾಗಿ ಆ ಪ್ರಶ್ನೆಗೆ ಅವಸರವೂ ಇಲ್ಲ.

ಕೆಲಸ ಬಿಡುವ ಮಾತಿಗೆ ಗುಮಾಸ್ತರು ಹೇಳಿದ್ದೇ ಸರಿ. 2020ರಲ್ಲಿ ರಜನೇಶ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಹೆಂಡತಿಗೆ ಕೆಲಸ ಉಂಟು ಅನ್ನುವ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ ಅಂತಲೂ ಅದರಲ್ಲೇ ಹೇಳಿದ್ದಾರೆ. ಸಂಬಳ ಮುಚ್ಚಿಟ್ಟು ಸಿಕ್ಕಿಬಿದ್ದರೆ ಆಮೇಲೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ.

ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ. ಭಾವನಿಗೆ ಬಾಯಲ್ಲಿ ಹೇಳಿದ್ದನ್ನು ಗಂಡನಿಗೆ ವಾಟ್ಸಾಪ್‌ನಲ್ಲಿ ಬರೆಯಿರಿ: "ಮಗಳು ಎಲ್ಲಿಗೆ ಹೋಗುವುದಾದರೂ ನಾವಿಬ್ಬರೂ ಮಾತಾಡಿ ತೀರ್ಮಾನ ಮಾಡುವ." ಅಷ್ಟು ಸಾಕು, ಬೈಗುಳ ಬೇಡ. ಐದು ವರ್ಷ ಆಗದ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅಂತ ಕಾನೂನಿನಲ್ಲಿ ಇದೆ. ಮಗಳಿಗೆ ನಾಲ್ಕೂವರೆ ಅಂದಿರಿ, ಹಾಗಾಗಿ ಈ ವಿಷಯವನ್ನು ವಕೀಲರ ಮುಂದೆ ಮೊದಲು ಇಡಿ. ಹಳೇ ಚಾಟ್ ಒಂದನ್ನೂ ಅಳಿಸಬೇಡಿ, ಫೋನ್ ಬದಲಿಸಬೇಡಿ. ನಿಮ್ಮ ಜಿಮೇಲ್ ಪಾಸ್‌ವರ್ಡ್ ಗಂಡನಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ.

ಲಾಕರ್ ವಿಷಯದಲ್ಲಿ ಬ್ಯಾಂಕಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ಇಬ್ಬರಲ್ಲಿ ಯಾರೊಬ್ಬರು ಬಂದರೂ ತೆರೆಯಬಹುದಾ, ಇಬ್ಬರೂ ಬೇಕಾ? ಉತ್ತರ ತಗೊಂಡು ವಕೀಲರ ಹತ್ತಿರ ಹೋಗಿ. ನೀವೇ ಹೋಗಿ ತೆರೆದು ತರುವುದು ಸರಿಯಾ ಅಂತ ಅವರು ಹೇಳಲಿ.

ಕೊನೆಗೆ, ಸಿಗುವ ಚಿನ್ನದಲ್ಲಿ, ಜೀವನಾಂಶದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅಂತ ಯಾರಾದರೂ ಕೇಳಿದರೆ ಎದ್ದು ಬನ್ನಿ. ಹಾಗೆ ಫೀಸು ಕೇಳುವುದು ನಮ್ಮ ನಿಯಮಕ್ಕೆ ವಿರುದ್ಧ.

ಬೊಂಬಾಯಿ_ರಿಟರ್ನ್:

ಸರಿ, ಕೆಲಸದ ಮಾತು ವಾಪಸ್ ತಗೊಂಡೆ. ಹಿರಿಯರದ್ದು ತಗೊಳ್ಳುವುದಿಲ್ಲ.

ಸಂತೆಕಟ್ಟೆ_ಅಮ್ಮು (ಹನ್ನೆರಡು ದಿನದ ನಂತರ):

ಹೋಗಿ ಬಂದೆ.

ಮೂರು ಆಫೀಸಿಗೆ ಫೋನ್ ಮಾಡಿದೆ. ಗುಮಾಸ್ತರು ಹೇಳಿದ ಮಾತನ್ನು ಒಂದು ಚೀಟಿಯಲ್ಲಿ ಬರೆದು ಅದನ್ನೇ ಓದಿದೆ. ಒಂದು ಕಡೆ ಎರಡು ವಾರ ಟೈಮ್ ಇಲ್ಲ ಅಂದರು. ಇನ್ನೊಂದು ಕಡೆ ಗಂಡನ ಮನೆ ಹೆಸರು ಕೇಳಿ ಫೋನ್ ಇಟ್ಟರು. ಹತ್ತು ನಿಮಿಷದಲ್ಲಿ ಅವರೇ ಮಾಡಿ, "ನಮ್ಮ ಸಾರಿಗೆ ಆ ಮನೆಯವರ ಪರಿಚಯ ಉಂಟಂತೆ, ನೀವು ಬೇರೆಯವರನ್ನು ನೋಡುವುದು ಒಳ್ಳೆಯದು" ಅಂದರು. ನನಗೆ ಎದೆ ಧಸಕ್ಕೆಂದಿತು. ಆದರೆ ಹೇಳಿದರಲ್ಲ, ಅದು ದೊಡ್ಡದು. ಮೂರನೆಯದು ಒಬ್ಬರು ಮೇಡಂ, ಉಡುಪಿಯಲ್ಲೇ. ಸಂಜೆ 6ಕ್ಕೆ, 800 ರೂಪಾಯಿ.

ಅಮ್ಮ ಹೊರಗೆ ಕೂತರು. ಒಳಗೆ ಮೇಡಂ ಫೋನನ್ನು ಮಗುಚಿ ಇಟ್ಟರು, ಅಷ್ಟಕ್ಕೇ ನನಗೆ ಅಳು ಬಂತು. ನನ್ನ ಹಾಳೆ ಓದಿ ಎರಡು ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿದರು, ದುಡ್ಡು ನಿಂತ ತಾರೀಕು ಮತ್ತು ಪಾಸ್‌ಪೋರ್ಟ್ ಕೇಳಿದ ತಾರೀಕು. ನಾನು ದೊಡ್ಡದು ಅಂದುಕೊಂಡಿದ್ದ ಅತ್ತೆಯ ಮಾತುಗಳಿಗೆಲ್ಲ ಗೆರೆ ಇಲ್ಲ! ಡೈವೋರ್ಸ್ ಬೇಕಾ ಅಂತ ಕೇಳಲೇ ಇಲ್ಲ. "ಇನ್ನು ಆರು ತಿಂಗಳಲ್ಲಿ ಏನು ಆಗಬಾರದು ಅಂತ ನಿಮಗೆ ಹೆದರಿಕೆ?" ಅಂತ ಕೇಳಿದರು. ಮಗಳು ಹೋಗಬಾರದು ಅಂದೆ. ಹಾಗಾದರೆ ಅಲ್ಲಿಂದ ಶುರು ಮಾಡುವ ಅಂದರು. ಗಂಡನಿಗೆ ಮೆಸೇಜ್ ಹಾಕಿ ಕಾಯುವುದು. ಅಷ್ಟರೊಳಗೆ ಯಾರಾದರೂ ಮಗುವನ್ನು ಕರೆದುಕೊಂಡು ಹೋಗುವ ಮಾತೆತ್ತಿದರೆ ಕೋರ್ಟಿನಿಂದ ತಡೆ ಕೇಳುವುದು. ಜೀವನಾಂಶ ಆಮೇಲೆ. ಗಂಡ ಹೊರದೇಶದಲ್ಲಿ ಇರುವುದರಿಂದ ಸಮನ್ಸ್ ಮುಟ್ಟಲಿಕ್ಕೇ ತಿಂಗಳುಗಳು ಹೋಗಬಹುದು ಅಂತ ಮೊದಲೇ ಹೇಳಿದರು. ವಕಾಲತ್ತು ಕೇಳಲಿಲ್ಲ. ಬೇಕಾದಾಗ ಪೂರ್ತಿ ತುಂಬಿಸಿ, ಓದಿಸಿ ಸೈನ್ ಹಾಕಿಸುತ್ತಾರಂತೆ.

ಲಾಕರ್ ಯಾರೊಬ್ಬರು ಬಂದರೂ ತೆರೆಯಬಹುದು ಅಂತ ಬ್ಯಾಂಕಿನವರು ಹೇಳಿದ್ದರು. ಮೇಡಂ ಹೇಳಿದ ಹಾಗೆ ಸೋಮವಾರ ಅಮ್ಮನ ಜೊತೆ ಹೋದೆ. ನನ್ನದು ಮಾತ್ರ ತೆಗೆದೆ, ಪಟ್ಟಿ ಮಾಡಿದೆ, ಒಂದೊಂದರ ಫೋಟೊ ತೆಗೆದೆ. ಅತ್ತೆಯ ಡಬ್ಬಿ ಮುಟ್ಟಲಿಲ್ಲ. 32 ಇರಬೇಕಿತ್ತು, ಇದ್ದದ್ದು 25. ಹಾರ ಇಲ್ಲ, ಅಜ್ಜಿ ಕೊಟ್ಟ ಬಳೆ ಎರಡೂ ಇಲ್ಲ. ಸೈನ್ ಹಾಕುವಾಗ ರಿಜಿಸ್ಟರ್‌ನಲ್ಲಿ ಕಣ್ಣಿಗೆ ಬಿತ್ತು, ಫೆಬ್ರವರಿಯಲ್ಲಿ ಅತ್ತೆ ಎರಡು ಸಲ ಬಂದಿದ್ದಾರೆ.

ಗಂಡನಿಗೆ ಹಾಕಿದ ಮೆಸೇಜಿಗೆ ನೀಲಿ ಟಿಕ್ ಬಂದು ಐದು ದಿನ ಆಯಿತು. ಉತ್ತರ ಇಲ್ಲ.

ಹಳೇ_ಗುಮಾಸ್ತ:

ಆ 7 ಪವನಿಗೆ ಬಿಲ್ಲು ಉಂಟಾ ತಂಗಿ?

ಸಂತೆಕಟ್ಟೆ_ಅಮ್ಮು:

ಹಾರ 5 ಪವನು, ಅದಕ್ಕೆ ಉಂಟು. ಅಜ್ಜಿಯ ಬಳೆಗೆ ಬಿಲ್ಲು ಎಲ್ಲಿಂದ ಬರಬೇಕು? ಆದರೆ ಧಾರೆ ಎರೆಯುವ ಫೋಟೊದಲ್ಲಿ ನನ್ನ ಕೈ ಸರಿಯಾಗಿ ಕಾಣುತ್ತದೆ.

ಹಳೇ_ಗುಮಾಸ್ತ:

ಆ ಫೋಟೊ ದೊಡ್ಡದು ಮಾಡಿಸಿ ಇಡಿ. ಎರಡು ಕಾಪಿ.